ಯಾವ ಮೀನಿಗೆ ಈ ಗಾಳ

ಮಲಾಡ್ ಸ್ಟೇಷನ್ ಹತ್ತಿರದ ಅಂಗಡಿಯಲ್ಲಿ ಗಾಳದ ಕೋಲನ್ನೂ ರೀಲನ್ನೂ ಜೋಡಿಯಾಗಿಯೇ ಮಾರುತ್ತಾರೆ. ತೆಳುವಾದದ್ದೊಂದು ನನ್ನ ಕೈಗೆ ಒಗ್ಗಿತ್ತು. ಯಾವ ಮೀನಿಗೆ ಎಂದು ಅಂಗಡಿಯವನು ಹಿಂದಿಯಲ್ಲಿ ಕೇಳಿದ. ನಾನು ಉಡುಪಿ ಕಡೆಯವನು. ಮರಳಿನಲ್ಲಿ ಮೇಯುವ ಆ ಗೇಣುದ್ದದ ಮೀನಿಗೆ ಇಲ್ಲಿ ಏನನ್ನುತ್ತಾರೋ ಗೊತ್ತಿರಲಿಲ್ಲ. ಊರಿನ ಹೆಸರನ್ನೇ ಹೇಳಿದೆ: "ಕಾಣೆ."

ಅವನಿಗೆ ಅದು 'ಖಾನೇ' ಎಂದು ಕೇಳಿಸಿತು. ಎಲ್ಲರೂ ಹಿಡಿಯುವುದು ತಿನ್ನಲಿಕ್ಕೇ ಅಲ್ಲವೇ ಎಂದು ನಕ್ಕ. ಮನೆಮಂದಿಗೆಲ್ಲ ಸಾಲಬೇಕಾದರೆ ಮೀನು ದೊಡ್ಡದಿರಬೇಕು ಎನ್ನುತ್ತಾ ತೆಳು ಕೋಲನ್ನು ಒಳಗಿಟ್ಟು, ಒನಕೆಯಂಥದ್ದೊಂದನ್ನು, ತೆಂಗಿನಕಾಯಿ ಗಾತ್ರದ ರೀಲಿನ ಸಮೇತ ಮುಂದಿಟ್ಟ. ಅಂಗಡಿಯವರಿಗೆ ತಿಳಿಹೇಳುವ ತಾಳ್ಮೆ ನನಗಿಲ್ಲ. ಅದನ್ನೇ ತಂದೆ.

ಭಾನುವಾರ ಬೆಳಿಗ್ಗೆಯಿಡೀ ಮಾರ್ವೆಯ ಕಡಲದಂಡೆಯಲ್ಲಿ ನಿಂತೆ. ಆ ಕೋಲು ಹಿಡಿದವನಿಗೆ ಸಣ್ಣ ಮೀನು ಕಚ್ಚಿದ್ದು ತಿಳಿಯುವುದೇ ಇಲ್ಲ. ಗಾಳಕ್ಕೆ ಸಿಕ್ಕಿಸಿದ ಸಿಗಡಿ ಮಾತ್ರ ಪ್ರತಿಸಲವೂ ಮಾಯವಾಗುತ್ತಿತ್ತು. ಮನೆಗೆ ಬಂದು ಚಪ್ಪಲಿ ಬಿಡುತ್ತಿದ್ದಾಗ ಹೆಂಡತಿ ಅಡುಗೆಮನೆಯಿಂದಲೇ, "ಎಂತ ಸಿಕ್ಕಿತು?" ಎಂದು ಕೇಳಿದಳು.

"ಕಾಣೆ," ಎಂದೆ.

ಒಳಗೆ ಮಸಾಲೆ ಅರೆಯುವ ಮಿಕ್ಸಿ ಶುರುವಾಯಿತು.