ಅಜ್ಜನ ಪಕ್ಕದ ಜಾಗ

ಈಸ್ಟರ್ ಹಬ್ಬಕ್ಕೆ ಇನ್ನೂ ಮೂರು ವಾರ ಇತ್ತು. ಬೈಲಹೊಂಗಲದ ನಮ್ಮ ಪ್ರಾರ್ಥನಾ ಮಂದಿರದಲ್ಲಿ ಸತ್ತವರು ಎದ್ದು ಬರುವ ವಿಷಯವನ್ನು ಪಾಸ್ಟರ್ ಹೇಳುತ್ತಿದ್ದರು. ಮಂದಿರ ಅಂದರೆ ದೊಡ್ಡದಲ್ಲ. ಗೊಬ್ಬರದ ಅಂಗಡಿಯ ಹಿಂದಿನ ಬಾಡಿಗೆ ಗೋದಾಮು, ತಗಡಿನ ಮಾಡು, ಮೂರು ಫ್ಯಾನು, ಹೆಚ್ಚೆಂದರೆ ಐವತ್ತು ಜನ. ಕಡೆಯ ದಿನ ತುತೂರಿ ಊದುತ್ತದೆ, ಮಣ್ಣಿನಲ್ಲಿರುವವರೆಲ್ಲ ಏಳುತ್ತಾರೆ ಎಂದು ಹೇಳಿ ಮುಗಿಸಿದ ಪಾಸ್ಟರ್, ಯಾರಿಗಾದರೂ ಏನಾದರೂ ಕೇಳುವುದಿದೆಯೇ ಎಂದರು. ಹೀಗೆ ಅವರು ಪ್ರತಿ ವಾರ ಅನ್ನುತ್ತಾರೆ. ಯಾರೂ ಕೇಳುವುದಿಲ್ಲ. ಊಟದ ಹೊತ್ತಾಗಿರುತ್ತದೆ.

ಆ ದಿನ ನಮ್ಮ ಆಯಿ ಕೈ ಎತ್ತಿದಳು. ಆಯಿ ಅಂದರೆ ನನ್ನ ಅಜ್ಜಿ, ಅಪ್ಪನ ತಾಯಿ.

"ಪಾಸ್ಟರ್ರ, ನಿಮ್ಮಾಗ ಸತ್ತವರನ್ನ ಕುಂದರಿಸಿ ಹುಗೀತೀರೋ, ಮಲಗಿಸಿ ಹುಗೀತೀರೋ?"

"ಮಲಗಿಸ್ತೇವಿ ಆಯಿ. ಯಾಕ?"

"ಮಲಗಿದಾಕಿ ಮೊದಲ ಹೊರಳಬೇಕು, ಆಮ್ಯಾಲ ಕೈ ಊರಬೇಕು, ಆಮ್ಯಾಲ ನಿಂದ್ರಬೇಕು. ನನ್ನ ಮೊಣಕಾಲ ನೋಡೀರಿಲ್ಲ? ತುತೂರಿ ಊದಿ ನೀವೆಲ್ಲಾ ಹೋಗಿ ಮುಟ್ಟಿದ ಮ್ಯಾಲ ನಾ ಏಳಾಕಿ. ಕುಂತಿದ್ರ ಅರ್ಧಾ ಕೆಲಸ ಆಗಿರತೈತಿ."

ಗೋದಾಮು ತುಂಬ ನಗು. ಪಾಸ್ಟರ್ ಕೂಡ ನಕ್ಕರು.

"ಅವತ್ತ ಹೊಸಾ ಮೊಣಕಾಲ ಕೊಡ್ತಾನ್ರಿ ದೇವರು."

"ಎದ್ದ ಮ್ಯಾಲ ಕೊಡ್ತಾನೋ, ಏಳೂಕಿಂತ ಮೊದಲ ಕೊಡ್ತಾನೋ?"

ಪಾಸ್ಟರ್ ಗಡಿಬಿಡಿಯಲ್ಲಿ ಬೈಬಲ್ ಮುಚ್ಚಿದರು. ಪ್ರಾರ್ಥನೆ ಮಾಡಿ ಸಭೆ ಮುಗಿಸಿದರು.

ಎಲ್ಲರೂ ಅದನ್ನು ತಮಾಷೆ ಎಂದುಕೊಂಡರು. ನನಗೆ ಗೊತ್ತಿತ್ತು, ತಮಾಷೆ ಅಲ್ಲ. ನಮ್ಮ ಮನೆತನದಲ್ಲಿ ಸತ್ತವರನ್ನು ಸುಡುವುದಿಲ್ಲ. ಕಾಲು ಮಡಿಸಿ ಕುಳ್ಳಿರಿಸಿ ಹೂಳುತ್ತಾರೆ. ಸಂಪಗಾಂವದ ಹತ್ತಿರ ನಮ್ಮ ಹೊಲದ ಮೂಲೆಯಲ್ಲಿ ಅಜ್ಜ ಹಾಗೆಯೇ ಕುಳಿತಿದ್ದಾನೆ, ಒಂಬತ್ತು ವರ್ಷದಿಂದ. ಅವನ ಪಕ್ಕದಲ್ಲಿ ಆಯಿಗೆ ಜಾಗ ಬೇಕು. ಹೊಲ ಈಗ ನಮ್ಮ ಕಾಕಾನದು, ಅಂದರೆ ನನ್ನ ಅಪ್ಪನ ತಮ್ಮನದು. ಆಯಿ ದೀಕ್ಷಾಸ್ನಾನ ಮಾಡಿಸಿಕೊಂಡರೆ ಆ ಜಾಗ ಇಲ್ಲ ಎಂದು ಕಾಕಾ ಹೇಳಿಬಿಟ್ಟಿದ್ದ. ಅಂದಿನಿಂದ ಐದು ತಿಂಗಳು ತಾಯಿ ಮಗನಿಗೆ ಮಾತಿರಲಿಲ್ಲ.

ಆಯಿ ಮಂದಿರಕ್ಕೆ ಬಂದ ಕಥೆ ದೊಡ್ಡದೇನಲ್ಲ. ನನ್ನ ಅಪ್ಪ ಅವ್ವ ನಾನು ಸಣ್ಣವನಿದ್ದಾಗಲೇ ತೀರಿಕೊಂಡರು. ನನ್ನನ್ನು ಸಾಕಿದವಳು ಆಯಿ. ಏಳನೇ ತರಗತಿಗೆ ಶಾಲೆ ಬಿಟ್ಟೆ. ಈಗ ಜೆಸಿಬಿ ಓಡಿಸುತ್ತೇನೆ. ಕೆಲಸಕ್ಕೆ ಅನುಕೂಲ ಎಂದು ಬೈಲಹೊಂಗಲದಲ್ಲಿ ಬಾಡಿಗೆ ಮನೆ ಹಿಡಿದಾಗ ಆಯಿಯೂ ನನ್ನ ಜೊತೆ ಬಂದಳು. ಪಕ್ಕದ ಮನೆಯಲ್ಲಿ ಒಬ್ಬ ನರ್ಸಬಾಯಿ ಇದ್ದರು. ಆಯಿಯ ಕಾಲಿನಲ್ಲಿ ಹುಣ್ಣಾಗಿ ಮಾಯದೇ ಇದ್ದಾಗ ಎರಡು ತಿಂಗಳು ದಿನಾ ಬಂದು ತೊಳೆದು ಪಟ್ಟಿ ಕಟ್ಟಿದರು. ಕಟ್ಟುವಾಗ ಸಣ್ಣ ದನಿಯಲ್ಲಿ ಹಾಡುತ್ತಿದ್ದರು. ಕಾಲು ವಾಸಿಯಾದ ಮೇಲೆ ಹಾಡು ನಿಂತಿತು. ಹಾಡು ಕೇಳಬೇಕು ಎಂದು ಆಯಿ ಅವರ ಹಿಂದೆ ಮಂದಿರಕ್ಕೆ ಹೋದಳು.

ನಾನು ಅವಳನ್ನು ಗಾಡಿಯ ಮೇಲೆ ತಂದು ಬಿಟ್ಟು ಹೊರಗೆ ಕಾಯುತ್ತಿದ್ದೆ. ಏಪ್ರಿಲ್ ಬಿಸಿಲು. ಒಳಗೆ ಫ್ಯಾನ್ ಇತ್ತು. ನನ್ನ ನಂಬಿಕೆ ಶುರುವಾದದ್ದು ಫ್ಯಾನಿನ ಕೆಳಗೆ, ಸುಳ್ಳು ಯಾಕೆ ಹೇಳಲಿ. ಕೂತು ಕೂತು ಕಿವಿಗೆ ಬಿತ್ತು. ನಾನು ಕಿತ್ತೂರಿನಲ್ಲಿ ಮನೆಯ ಪಾಯ ತೆಗೆದಿದ್ದೇನೆ, ಸವದತ್ತಿ ಕಡೆ ಪೈಪಿನ ಕಾಲುವೆ ತೆಗೆದಿದ್ದೇನೆ, ರಾಮದುರ್ಗ ದಾಟಿ ಸುರೇಬಾನದಲ್ಲಿ ಕೃಷಿ ಹೊಂಡ ತೋಡಿದ್ದೇನೆ. ಎಲ್ಲ ಗುಂಡಿಯಲ್ಲೂ ಏನಾದರೂ ತುಂಬುತ್ತಾರೆ. ಖಾಲಿ ಗುಂಡಿ ಕಂಡು ಹಬ್ಬ ಮಾಡುವ ಜನರನ್ನು ಇಲ್ಲಿಯೇ ನೋಡಿದ್ದು. ಹೂತ ಯೇಸು ಮೂರನೇ ದಿನ ಗುಂಡಿಯಲ್ಲಿ ಇರಲಿಲ್ಲ ಎಂಬ ಮಾತು ನನಗೆ ಹಿಡಿಸಿತು. ಒಂದು ವರ್ಷದ ನಂತರ ನಾನು ಹೊಳೆಯಲ್ಲಿ ಮುಳುಗಿ ಎದ್ದೆ, ಅದೇ ದೀಕ್ಷಾಸ್ನಾನ. ಆಮೇಲೆ ನನ್ನ ಬಾಯಲ್ಲಿ ಬೈಗುಳ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಟಿಪ್ಪರ್ ಡ್ರೈವರುಗಳು ಹೋಗಲು ಬಿಡುವುದಿಲ್ಲ.

ನಾನು ಮುಳುಗಿದ್ದಕ್ಕೆ ಕಾಕಾ ಏನೂ ಅನ್ನಲಿಲ್ಲ. "ಹುಡುಗ ಅದಾನ, ಇವತ್ತೊಂದ ನಾಳೆ ಒಂದ" ಎಂದ. ಆಯಿಯೂ ಅದನ್ನೇ ಮಾಡುತ್ತಾಳೆ ಎಂದು ಗೊತ್ತಾದಾಗ ಮಾತ್ರ ಬೆಂಕಿಯಾದ.

ಆ ಭಾನುವಾರ ಜನ ಹೋದ ಮೇಲೆ ಆಯಿ ಪಾಸ್ಟರ್ ಹತ್ತಿರ ಕುಳಿತು ಎಲ್ಲ ಹೇಳಿದಳು.

"ನಮ್ಮ ಮನಿಯವರು ಅಲ್ಲಿ ಕುಂತಾರ್ರಿ. ಜೀವ ಇರೂತನಕ ಅವರ ಮುಂದ ನಾ ಕಾಲ ಚಾಚಿದಾಕಿ ಅಲ್ಲ. ಈಗ ಬಾಜೂಕ ಹೋಗಿ ಅಡ್ಡ ಬಿದ್ರ ಚೊಲೋ ಕಾಣತೈತೇನ್ರಿ? ಅದೂ ಹೋಗಲಿ, ಜಾಗಾನ ಇಲ್ಲ ಅಂತಾನ ಮಗ. ಎಲ್ಲೋ ಹುಗದ್ರ ಎದ್ದ ಮ್ಯಾಲ ಅವರನ್ನ ಎಲ್ಲಿ ಹುಡುಕಲಿ? ಅವರು ಯೇಸುವಿನ ಹೆಸರ ಸೈತ ಕೇಳಿದವರಲ್ಲ. ಅವರು ಏಳತಾರೋ ಇಲ್ಲೋ?"

ಪಾಸ್ಟರ್ ಕುರ್ಚಿಯನ್ನು ಆಯಿಯ ಹತ್ತಿರ ಎಳೆದುಕೊಂಡರು.

"ನನಗ ಗೊತ್ತಿಲ್ಲ ಆಯಿ. ಗೊತ್ತೈತಿ ಅಂದ್ರ ಸುಳ್ಳಾಗತೈತಿ. ಆದ್ರ ನಿಮಗ ಅವರ ಮ್ಯಾಲೆ ಎಷ್ಟ ಅಂತಃಕರಣ ಐತಿ, ದೇವರಿಗೆ ಅದಕ್ಕಿಂತ ಕಡಿಮಿ ಇರೂದಿಲ್ಲ. ಇಷ್ಟ ನಾ ಹೇಳಬಲ್ಲೆ. ಕುಂದರಿಸೂದು ಮಲಗಿಸೂದು ನಮ್ಮ ರೂಢಿ. ಎಬ್ಬಸಾಂವ ಎರಡನ್ನೂ ಎಬ್ಬಸ್ತಾನ. ನಿಮ್ಮ ಮನಸಿಗೆ ಬಂದಂಗ ಮಾಡೂಣು."

ಆ ಉತ್ತರಕ್ಕೆ ನಾನು ಪಾಸ್ಟರಿಗೆ ಮರ್ಯಾದೆ ಕೊಟ್ಟೆ. ಗೊತ್ತಿಲ್ಲ ಅನ್ನುವ ದೊಡ್ಡವರು ಕಡಿಮೆ.

ಆಯಿಗೆ ಅರ್ಧ ಸಮಾಧಾನವಾಯಿತು. "ಜಾಗಾ ಪಕ್ಕಾ ಆಗೂತನಕ ನಾ ನೀರಿಗೆ ಇಳಿಯೂದಿಲ್ಲ" ಎಂದಳು. ಈಸ್ಟರ್ ದಿನ ಇಳಿಯುವವರ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಪಾಸ್ಟರ್ ಒಂದು ಪ್ರಶ್ನೆ ಚಿಹ್ನೆ ಹಾಕಿಕೊಂಡರು.

ಈಸ್ಟರಿಗೆ ಹತ್ತು ದಿನ ಇದ್ದಾಗ ಸಂಪಗಾಂವದಲ್ಲಿ ಒಬ್ಬರ ಹೊಲ ಮಟ್ಟ ಮಾಡುವ ಕೆಲಸ ನನಗೆ ಸಿಕ್ಕಿತು. ಅದು ನಮ್ಮ ಹೊಲದ ಪಕ್ಕದ್ದೇ. ಆಯಿ ತಾನೂ ಬರುತ್ತೇನೆ ಎಂದು ಹಟ ಹಿಡಿದಳು. ಕರೆದುಕೊಂಡು ಹೋದೆ. ಮಧ್ಯಾಹ್ನ ರೊಟ್ಟಿ ತಿಂದ ಮೇಲೆ ಅವಳು ಒಡ್ಡು ದಾಟಿ ಅಜ್ಜನ ಮೂಲೆಗೆ ಹೋದಳು. ಕಬ್ಬು ಕಡಿದು ಎಂ.ಕೆ. ಹುಬ್ಬಳ್ಳಿ ಫ್ಯಾಕ್ಟರಿಗೆ ಸಾಗಿಸಿ ಆಗಿತ್ತು. ಹೊಲ ಬಯಲಾಗಿತ್ತು.

"ತಮ್ಮಾ, ಮಶೀನ ತಗೊಂಡ ಬಾ ಇಲ್ಲಿ. ಒಂದ ಕುಣಿ ತಗಿ."

"ಯಾಕ?"

"ಅಳತಿ ನೋಡತೇನಿ. ಕುಂತ್ರ ಎಷ್ಟ ಜಾಗಾ ಬೇಕು ಅಂತ ತಿಳದ್ರ ನಿಮ್ಮ ಕಾಕಾಗ ಹೇಳಾಕ ಬರತೈತಿ. ಇಷ್ಟ ಸಾಕೋ ಮಾರಾಯ ಅಂತ."

"ಕಾಕಾ ನೋಡಿದ್ರ ನನ್ನ ಹೂಳತಾನ ಅದರಾಗ."

"ಹೂಳಿದ್ರ ಚೊಲೋನ ಆತು. ನೀ ಮುಳುಗಿ ಎದ್ದಾಂವ, ನಿನಗೇನ ಚಿಂತಿ?"

ನನಗೆ ವಾದ ಮಾಡುವ ತಾಳ್ಮೆ ಇಲ್ಲ. ಮಶೀನು ತಂದು ಅಜ್ಜನಿಂದ ಮಾರು ದೂರ ಬಿಟ್ಟು ಬಕೆಟ್ ಇಳಿಸಿದೆ. ಐದು ನಿಮಿಷದಲ್ಲಿ ಎದೆಮಟ್ಟದ ಕುಣಿ ಆಯಿತು. ಕೇಳದೆ ಹೇಳದೆ ಇನ್ನೊಬ್ಬರ ಹೊಲದಲ್ಲಿ ಬದುಕಿರುವವಳ ಕುಣಿ ತೋಡಿದೆ. ತಪ್ಪೇ. ಆಗ ಅದು ಹೊಳೆಯಲಿಲ್ಲ.

ಒಂದು ಕಡೆ ಇಳಿಜಾರು ಬಿಟ್ಟಿದ್ದೆ. ಆಯಿ ನನ್ನ ಕೈ ಹಿಡಿದು ಅದರ ಮೇಲೆ ಇಳಿದಳು, ಸೆರಗು ಸರಿಮಾಡಿಕೊಂಡು ಅಜ್ಜನ ಕಡೆ ಮುಖ ಮಾಡಿ ಕುಳಿತಳು. ನಾನು ಮೇಲೆ ಬಂದೆ. ಬರುವಾಗ ನನ್ನ ಬೂಟಿನ ಭಾರಕ್ಕೆ ಇಳಿಜಾರಿನ ಮಣ್ಣು ಕುಸಿಯಿತು. ಒಣಗಿದ ಎರೆ ಮಣ್ಣು, ಹೆಂಟೆ ಹೆಂಟೆಯಾಗಿ ಉದುರಿ ದಾರಿ ಹೋಯಿತು.

"ಆಯಿ, ಪೆಟ್ಟಾತೇನ?"

"ಇಲ್ಲೋ. ಭಾಳ ತಂಪ ಐತಿ ಇಲ್ಲಿ. ಕೂಲರ್ ಹಚ್ಚಿದಂಗ."

ಮೇಲಿಂದ ಕೈ ಕೊಟ್ಟು ಎಳೆದೆ. ಅವಳ ಮೊಣಕಾಲು ಮಡಿಸಿದ್ದು ಬಿಚ್ಚಲಿಲ್ಲ. "ತೋಳ ಕೀಳತಿ ಏನ?" ಎಂದು ಬೈದಳು. "ಬಕೆಟ್ ಇಳಸು, ಅದರಾಗ ಕುಂದ್ರತೇನಿ" ಎಂದಳು. ಅದಕ್ಕೆ ನಾನು ಒಪ್ಪಲಿಲ್ಲ. ಬಕೆಟ್ಟಿನಲ್ಲಿ ಮನುಷ್ಯರನ್ನು ಎತ್ತಬಾರದು, ನೋಡಿದ್ದೇನೆ ಏನಾಗುತ್ತದೆ ಎಂದು.

ಅಷ್ಟರಲ್ಲಿ ಕಾಕಾ ಓಡಿ ಬಂದ. ದೂರದಿಂದ ಹೊಲದಲ್ಲಿ ಮಶೀನು ಕಂಡು ಯಾರೋ ಮಣ್ಣು ಕದಿಯುತ್ತಿದ್ದಾರೆ ಎಂದುಕೊಂಡಿದ್ದ. ಕೈಯಲ್ಲಿ ಬಡಿಗೆ ಇತ್ತು. ಕುಣಿಯ ಬಾಯಿಗೆ ಬಂದು ಕೆಳಗೆ ನೋಡಿದ. ತನ್ನ ಅಪ್ಪನ ಸಮಾಧಿಯ ಪಕ್ಕ ತೆರೆದ ಕುಣಿ, ಅದರಲ್ಲಿ ಅವನ ತಾಯಿ ಕಣ್ಣು ಮುಚ್ಚಿ ಕುಳಿತಿದ್ದಾಳೆ. ಬಡಿಗೆ ಕೈಯಿಂದ ಬಿತ್ತು.

"ಅವ್ವಾ!"

ಅಂಥ ದನಿ ನಾನು ಕಾಕಾನ ಬಾಯಿಂದ ಕೇಳಿರಲಿಲ್ಲ.

ಆಯಿ ಕಣ್ಣು ತೆರೆದಳು. "ಬದಕೇನೆಪಾ. ಪ್ರಾರ್ಥನಾ ಮಾಡಾಕಹತ್ತಿದ್ದೆ, ಯಾರರ ಬಂದ ಎತ್ತಲಿ ಅಂತ."

ಕಾಕಾ ನನ್ನ ಕಡೆ ತಿರುಗಿದ. "ಲೇ ಹುಚ್ಚ ಸೂಳೇಮಗನ! ಬುದ್ಧಿ ಅದೇನ ನಿನಗ? ಬದುಕಿದಾಕಿನ ಕುಣ್ಯಾಗ ಇಳಸ್ತಿ?"

"ಅಕೀನ ಇಳದಾಳ" ಎಂದೆ.

"ಅವನ್ನ ಬೈಬ್ಯಾಡ" ಎಂದು ಆಯಿ ಕೆಳಗಿನಿಂದ ಕೂಗಿದಳು. "ನೀ ಜಾಗಾ ಕೊಡೂದಿಲ್ಲ ಅಂದಿ, ಅದಕ್ಕ ಬಂದ ಅಳತಿ ನೋಡಿದೆ. ನೋಡಿಲ್ಲಿ, ಮೂರ ಪಾದ ಜಾಗಾ. ಇಷ್ಟೂ ಇಲ್ಲೇನ ನಿನ್ನ ಹೊಲದಾಗ?"

ಕಾಕಾ ಕುಣಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕುಳಿತ. ಐದು ತಿಂಗಳ ಮಾತು ಅಲ್ಲಿಯೇ ಹೊರಬಂತು.

"ಜಾಗಾದ ಮಾತಲ್ಲ ಅವ್ವ. ನೀರಾಗ ಮುಳುಗಿದವರನ್ನ ಅವರ ಮಂದಿ ಒಯ್ದ ಪ್ಯಾಟ್ಯಾಗ ತಮ್ಮ ಜಾಗಾದಾಗ ಹೂಳತಾರ ಅಂತ ಊರಾಗ ಹೇಳಿದ್ರು. ಅಪ್ಪ ಇಲ್ಲಿ ಒಬ್ಬನ ಆಗತಾನಲ್ಲಾ ಅಂತ ಸಿಟ್ಟ ಬಂತು. ಸಿಟ್ಟಿನ್ಯಾಗ ಅಂದೆ."

"ಅದನ್ನ ಬಾಯಿ ಬಿಟ್ಟ ಹೇಳಾಕ ಏನಾಗಿತ್ತೋ ನಿನಗ?"

"ನೀ ಕೇಳಿದೇನ? ಮುಖಾ ತಿರುವಿಕೊಂಡ ಹೋದಿ."

"ನಿಮ್ಮಪ್ಪನಂಗ ಮಾತಾಡಬ್ಯಾಡ. ಮೊದಲ ಎತ್ತ ನನ್ನ."

ಕಾಕಾ ಕುಣಿಗೆ ಜಿಗಿದ. ಜೋಳದ ಚೀಲ ಎತ್ತುವ ಹಾಗೆ ಸೊಂಟ ಹಿಡಿದು ಆಯಿಯನ್ನು ಎತ್ತಿದ, ನಾನು ಮೇಲೆ ರಟ್ಟೆ ಹಿಡಿದುಕೊಂಡೆ. ಮೇಲೆ ಬಂದು ಕುಳಿತವಳ ಮೈಯೆಲ್ಲ ಮಣ್ಣು. ನಗಲು ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ಕೆಳಗೆ ನಿಂತ ಕಾಕಾನಿಗೂ ನಗು ಬಂತು. ಮುಖ ಆ ಕಡೆ ಮಾಡಿ ನಕ್ಕ.

ತೆರೆದ ಕುಣಿ ಖಾಲಿ ಬಿಡಬಾರದು, ಅದು ಯಾರನ್ನಾದರೂ ಕೇಳುತ್ತದೆ ಎಂದು ನಮ್ಮ ಕಡೆ ನಂಬುತ್ತಾರೆ. ಕೂಡಲೇ ಮುಚ್ಚು ಎಂದ ಕಾಕಾ. ಮುಚ್ಚಿದೆ. ಆಮೇಲೆ ಅವನು ಒಡ್ಡಿನಿಂದ ನಾಲ್ಕು ಕಲ್ಲು ತಂದ. ಅಜ್ಜನ ಪಕ್ಕದಿಂದ ಪಾದಕ್ಕೆ ಪಾದ ಹಚ್ಚಿ ಎಣಿಸುತ್ತ ನಡೆದ. ಮೂರು ಪಾದಕ್ಕೆ ನಿಲ್ಲುತ್ತಾನೆ ಎಂದುಕೊಂಡೆ. ಏಳಕ್ಕೆ ನಿಂತ. ನಾಲ್ಕು ಮೂಲೆಗೆ ಕಲ್ಲು ನೆಟ್ಟ.

"ಕುಂದ್ರಾಕ ಇಷ್ಟ ಉದ್ದ ಬ್ಯಾಡ ಕಾಕಾ" ಎಂದೆ.

"ಕುಂದ್ರತಾಳೋ ಮಲಗತಾಳೋ ಅಕಿ ಖುಷಿ. ಜಲ್ಮದಾಗ ಹಗಲೊತ್ತು ಒಂದಿನ ಕಾಲ ಚಾಚಿಲ್ಲ ಈಕಿ."

ಆಯಿಯ ನಗು ನಿಂತಿತು. ಸೆರಗಿನಿಂದ ಮುಖ ಒರೆಸಿಕೊಂಡಳು. ಮಣ್ಣು ಒರೆಸಿದಳು ಎಂದುಕೊಳ್ಳೋಣ.

"ನೀರಿನ ವಿಷಯ ಮಾತ್ರ ನನಗ ಇನ್ನೂ ಪಸಂದಿಲ್ಲ ನೋಡ" ಎಂದ ಕಾಕಾ.

"ನಿನ್ನ ಪಸಂದಿ ಯಾರ ಕೇಳಿದ್ರು? ಜಾಗಾ ಕೇಳಿದ್ದೆ, ಕೊಟ್ಟಿ."

ಮಂದಿರದಲ್ಲಿ ಹೊಸ ಜೀವ, ಹೊಸ ಆರಂಭ ಎಂದು ಬಹಳ ಸಲ ಕೇಳಿದ್ದೇನೆ. ಹೊಸದು ಅಂದರೆ ಹಳೆಯದೆಲ್ಲ ಬಿಟ್ಟು ಬರುವುದು ಎಂದು ನಾನು ತಿಳಿದಿದ್ದೆ. ಆಯಿ ಏನನ್ನೂ ಬಿಡಲಿಲ್ಲ. ಗಂಡನನ್ನು ಬಿಡಲಿಲ್ಲ, ಮಗನನ್ನು ಬಿಡಲಿಲ್ಲ, ಹೊಲದ ಮೂಲೆಯನ್ನೂ ಬಿಡಲಿಲ್ಲ. ಎಲ್ಲವನ್ನೂ ಕಟ್ಟಿಕೊಂಡೇ ಹೊಳೆಗೆ ಹೋದಳು. ಹಾಗೂ ಹೋಗಬಹುದು ಎಂದು ನನಗೆ ಗೊತ್ತಾದದ್ದು ಅವಳಿಂದ.

ಈಸ್ಟರ್ ಬೆಳಿಗ್ಗೆ ಎಂ.ಕೆ. ಹುಬ್ಬಳ್ಳಿ ಹತ್ತಿರ ಮಲಪ್ರಭೆಗೆ ಇಳಿದೆವು. ಬೇಸಿಗೆ, ನೀರು ತೊಡೆಮಟ್ಟ. ಆಯಿಯನ್ನು ನೀರಿನಲ್ಲಿ ಕುಳ್ಳಿರಿಸಿಯೇ ಪಾಸ್ಟರ್ ಮುಳುಗಿಸಬೇಕಾಯಿತು. ಎದ್ದವಳು ಬಾಯಿಂದ ನೀರು ಉಗುಳಿ, "ಯಪ್ಪಾ, ಎಷ್ಟ ಥಂಡಿ!" ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನರ್ಸಬಾಯಿ ಟವೆಲ್ ಸುತ್ತಿ ದಂಡೆಗೆ ಕರೆತಂದರು.

ಪಾಸ್ಟರ್ ಒದ್ದೆ ಬಟ್ಟೆಯಲ್ಲೇ ಬಂದು ಕೇಳಿದರು. "ಆಯಿ, ಈಗರ ಹೇಳ್ರಿ. ಕುಂದರಿಸೂದೋ ಮಲಗಿಸೂದೋ?"

"ಮಲಗಿಸ್ರಿ. ಮಗ ಏಳ ಪಾದ ಕೊಟ್ಟಾನ. ಅರ್ಧಾ ಖಾಲಿ ಬಿಟ್ರ ಅದರಾಗೂ ಕಬ್ಬ ಹಚ್ಚತಾನ."

"ಮತ್ತ ಮೊಣಕಾಲು? ಏಳೂದು ತಡಾ ಆದ್ರ?"

ಆಯಿ ತಲೆ ಒರೆಸಿಕೊಳ್ಳುತ್ತಿದ್ದಳು. "ಅವರು ಕುಂತಾರಲ್ರಿ, ಮೊದಲ ಅವರ ಏಳತಾರ. ನನಗ ಕೈ ಕೊಡತಾರ" ಎಂದಳು. ಆಮೇಲೆ ನನ್ನ ಕಡೆ ನೋಡಿ, ಗಾಡಿ ತೆಗಿ, ಹಸಿವಾಗಿದೆ ಎಂದಳು.