ಕಂಬದೊಳಗಿನ ಹಸಿರು ಸೀರೆ

ಊರೆಲ್ಲ ಹೊಗಳಿದ ಆ ದೆವ್ವದ ಸಿನಿಮಾ ನೋಡಿ ನನಗೆ ಬಂದದ್ದು ಬರೀ ಆಕಳಿಕೆ. ಕೆಲಸದ ಮೇಲೆ ಹಳೇಬೀಡಿಗೆ ಹೋದಾಗ, ಅದರ ಶೂಟಿಂಗ್ ನಡೆದ ಬಸದಿಗೂ ಹೋದೆ. ಕನ್ನಡಿಯಂತೆ ಹೊಳೆಯುವ ಕಂಬಕ್ಕೆ ಬೆನ್ನು ಹಾಕಿ, ಕಾವಲಿನ ಅಜ್ಜನಿಗೆ ಹೇಳಿದೆ: "ಸಿನಿಮಾದಲ್ಲಿ ಆ ಹಸಿರು ಸೀರೆಯ ಹೆಂಗಸು ಕಾಣಿಸಿಕೊಳ್ಳೋದು ಈ ಕಂಬದಲ್ಲೇ ಅಲ್ವಾ? ಕಂಪ್ಯೂಟರ್‌ನಲ್ಲಿ ಮಾಡಿದ್ದು ಅಂತ ಮಗುವಿಗೂ ಗೊತ್ತಾಗುತ್ತೆ."

ಅಜ್ಜ ನಗಲಿಲ್ಲ. "ಶೂಟಿಂಗ್ ದಿನ ನಾನಿಲ್ಲೇ ಇದ್ದೆ ಸ್ವಾಮಿ. ಅವ್ರು ಯಾವ ಹೆಂಗಸನ್ನೂ ಕರ್ಕೊಂಡು ಬಂದಿರ್ಲಿಲ್ಲ. ಕ್ಯಾಮೆರಾದಾಗೆ ತಾನಾಗೇ ಬಂತು, ಹಂಗೇ ಬಿಟ್ಟವ್ರೆ."

ಆಮೇಲೆ ನನ್ನ ಹಿಂದಿನ ಕಂಬವನ್ನೇ ನೋಡುತ್ತಾ ಕೇಳಿದರು: "ನೀವು ಒಬ್ರೇ ತಾನೇ ಬಂದಿದ್ದು?"

"ಹೌದು."

"ಹಂಗಾದ್ರೆ ತಿರುಗಬ್ಯಾಡಿ. ಹಂಗೇ ಹೊರಕ್ಕೆ ನಡೀರಿ."

ನಡೆದೆ. ಬಾಗಿಲು ದಾಟುವವರೆಗೂ ಬೆನ್ನ ಹಿಂದೆ ಬಳೆಗಳ ಸದ್ದು.

ಈಗ ಯಾರೇ ಕೇಳಲಿ, ಸಿನಿಮಾ ಅದ್ಭುತ, ಅದರಲ್ಲೂ ಆ ಹೆಂಗಸಿನ ಪಾತ್ರ ಅಂತೀನಿ. ಸ್ವಲ್ಪ ಜೋರಾಗಿಯೇ ಹೇಳ್ತೀನಿ, ಅವಳಿಗೂ ಕೇಳಿಸಲಿ ಅಂತ.