ಕುರುಗೋಡಿನ ಮಿಡತೆ ಡಬ್ಬಿ

ನಮ್ಮ ಕಾಲೇಜಿನ ಕೀಟ ಸಂಗ್ರಹಾಲಯದಲ್ಲಿ ಸಿರುಗುಪ್ಪದ ಸಂಗ್ರಹ ಪೂರ್ತಿ ಹಾಳಾಗಿದ್ದು ನನ್ನಿಂದ. ಶರಣಕ್ಕನಿಂದಲ್ಲ. ಇಷ್ಟು ವರ್ಷ ಎಲ್ಲರೂ ಅವಳ ಹೆಸರು ಹೇಳಿದರು, ನಾನು ಕೇಳಿಸಿಕೊಂಡು ಸುಮ್ಮನಿದ್ದೆ. ಸುಮ್ಮನಿದ್ದೆ ಎನ್ನುವುದೂ ಸುಳ್ಳು — ಮೊದಲು ಅವಳ ಕಡೆ ಬೆರಳು ತೋರಿಸಿದವಳೇ ನಾನು.

ಇಬ್ಬರೂ ಬಳ್ಳಾರಿಯ ಒಂದೇ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೆವು. ನನ್ನದು ಕಾಯಂ ಕೆಲಸ. ಕುರುಗೋಡಿನ ಶರಣಕ್ಕ ಅತಿಥಿ ಉಪನ್ಯಾಸಕಿ, ವರ್ಷ ವರ್ಷವೂ ಹೊಸ ಆದೇಶಕ್ಕೆ ಬಾಯಿ ಬಿಟ್ಟುಕೊಂಡು ಕಾಯಬೇಕಾದವಳು. ಆದರೆ ಸಂಗ್ರಹಾಲಯದ ಜೀವ ಅವಳೇ. ರಜೆ ಬಂದರೆ ಸಿರುಗುಪ್ಪದ ಬಸ್ಸು ಹತ್ತಿ, ರಾರಾವಿ ಕಡೆಯ ಭತ್ತದ ಗದ್ದೆಗಳಲ್ಲಿ ಬಲೆ ಹಿಡಿದು ತಿರುಗುತ್ತಿದ್ದಳು. ಏರೋಪ್ಲೇನ್ ಚಿಟ್ಟೆ, ಜೀರುಂಡೆ, ಕಾಲುವೆಯ ನೀರುಹುಳ — ಒಂದೊಂದನ್ನೂ ಸೂಜಿಗೆ ಚುಚ್ಚಿ, ಎಲ್ಲಿ ಸಿಕ್ಕಿತೆಂದು ಚೀಟಿ ಬರೆದು, ಕಪಾಟಿನ ಖಾನೆಗಳನ್ನು ತುಂಬಿದಳು. ಆ ಗದ್ದೆಗಳಲ್ಲಿ ಈಗ ಅವುಗಳಲ್ಲಿ ಎಷ್ಟೋ ಕಾಣುವುದಿಲ್ಲ.

ಕೀಟ ಸಂಗ್ರಹಗಳ ನಿರ್ವಹಣೆಯ ತರಬೇತಿಗೆ ನಮ್ಮಿಬ್ಬರನ್ನೂ ಕಳಿಸಿದ್ದರು. ಅಲ್ಲಿ ಗಿಣಿಪಾಠದಂತೆ ಕಲಿಸಿದ್ದು ಒಂದೇ: ಹೊರಗಿಂದ ಬಂದ ಡಬ್ಬಿ, ಅದು ಯಾರದೇ ಇರಲಿ, ಮೊದಲು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಫ್ರೀಜರ್‌ನಲ್ಲಿ ಕೆಲವು ವಾರ ಇರಬೇಕು, ಆಮೇಲಷ್ಟೇ ಕಪಾಟು. ಯಾಕೆಂದರೆ ಒಣಗಿದ ಕೀಟಗಳನ್ನೇ ತಿಂದು ಬದುಕುವ ಒಂದು ಹುಳವಿದೆ. ಮೈತುಂಬ ರೋಮ, ಎಳ್ಳಿನಷ್ಟು ಗಾತ್ರ. ನಾವು ಅದನ್ನು ಕೂದಲಹುಳ ಎನ್ನುತ್ತಿದ್ದೆವು. ಒಂದು ಡಬ್ಬಿಯಲ್ಲಿ ಬಂತೆಂದರೆ ಇಡೀ ಕಪಾಟು ಹೋಯಿತು.

ವಾಪಸು ಬರುವ ರೈಲಿನಲ್ಲಿ ಶರಣಕ್ಕ ರೊಟ್ಟಿ ಗಂಟು ಬಿಚ್ಚುತ್ತಾ, "ನಮ್ಮ ಮನಿಯವರು ಊರೂರು ತಿರುಗಿ ಬರ್ತಾರಲ್ಲ, ಅವರನ್ನೂ ಮೊದಲ ಫ್ರೀಜರ್‌ನಾಗ ಇಡಬೇಕು ನೋಡಲೇ ಸುಮಾ" ಎಂದಳು. ಎದುರಿನ ಸೀಟಿನವರು ತಿರುಗಿ ನೋಡುವಷ್ಟು ನಕ್ಕೆವು. ಹಾಗೆ ನಾನು ಮತ್ತೆ ಯಾರ ಜೊತೆಗೂ ನಕ್ಕಿಲ್ಲ.

ತರಬೇತಿಯಲ್ಲಿ ಪರಿಚಯವಾದವರೊಬ್ಬರು ನನಗೆ ಒಂದು ಡಬ್ಬಿ ಕೊಟ್ಟಿದ್ದರು — ಹಸಿರು, ನೀಲಿ ಹೊಳೆಯುವ ಗುಡ್ಡಗಾಡಿನ ಜೀರುಂಡೆಗಳು. ಶರಣಕ್ಕನೂ ಊರಿನ ಗುಡ್ಡದಲ್ಲಿ ಹಿಡಿದ ಮಿಡತೆಗಳನ್ನು ಮಿಠಾಯಿ ಡಬ್ಬಿಯಲ್ಲಿ ಚುಚ್ಚಿ ತಂದು, ನಿಯಮದಂತೆ ಫ್ರೀಜರ್‌ಗೆ ಇಟ್ಟಳು. ನಾನು ಇಡಲಿಲ್ಲ. ಮರುದಿನ ಕಾಲೇಜು ನೋಡಲು ಸಮಿತಿಯವರು ಬರುವವರಿದ್ದರು, ನನ್ನ ಜೀರುಂಡೆಗಳು ಅವರ ಕಣ್ಣಿಗೆ ಬೀಳಬೇಕಿತ್ತು. ಒಂದು ದಿನದ ಮಾತು, ಆಮೇಲೆ ಇಟ್ಟರಾಯಿತು ಎಂದುಕೊಂಡು ಸಿರುಗುಪ್ಪದ ಖಾನೆಗಳ ಪಕ್ಕದಲ್ಲೇ ಇಟ್ಟೆ. ಸಮಿತಿಯವರು ಹೊಗಳಿದರು. ಅವರು ಹೋದ ಮೇಲೆ ಡಬ್ಬಿ ತೆಗೆಯುವುದನ್ನು ಮರೆತೆ... ಮರೆತೆನೋ, ಉದಾಸೀನವೋ — ಏನಾದರೇನು, ತೆಗೆಯಲಿಲ್ಲ.

ಬೇಸಿಗೆ ರಜೆ ಮುಗಿಸಿ ಬಂದು ನಾನೊಬ್ಬಳೇ ಕಪಾಟು ತೆರೆದೆ. ಸಿರುಗುಪ್ಪದ ಖಾನೆಗಳಲ್ಲಿ ಸೂಜಿಗಳು ನಿಂತಿದ್ದವು, ಚೀಟಿಗಳು ಇದ್ದವು, ಕೀಟಗಳಿರಲಿಲ್ಲ. ಕೆಳಗೆ ಕಂದು ಪುಡಿ. ನನ್ನ ಡಬ್ಬಿ ತೆರೆದರೆ ಹುಳ ಇನ್ನೂ ಮಿಜಿಮಿಜಿ ಎನ್ನುತ್ತಿತ್ತು. ಆಮೇಲೆ, ಫ್ರೀಜರ್‌ನ ವಾರಗಳನ್ನು ಮುಗಿಸಿ ಅದೇ ಕಪಾಟಿಗೆ ಬಂದಿದ್ದ, ಬಿಗಿ ಮುಚ್ಚಳದ ಅಕ್ಕನ ಮಿಡತೆ ಡಬ್ಬಿ ತೆರೆದೆ. ಒಂದು ಮಿಡತೆಯ ಮೀಸೆ ಸಹ ಮುರಿದಿರಲಿಲ್ಲ.

ಇಷ್ಟು ಸಾಕಲ್ಲವೇ, ಸತ್ಯ ಯಾವುದೆಂದು ತಿಳಿಯಲಿಕ್ಕೆ? ತಿಳಿದೇ ನಾನು ನನ್ನ ಡಬ್ಬಿಯನ್ನು ಕ್ಯಾಂಟೀನಿನ ಹಿಂದೆ ಉರಿಯುತ್ತಿದ್ದ ಕಸಕ್ಕೆ ಹಾಕಿದೆ. ಅವಳದೂ ಹುಳಕ್ಕೆ ಹೋಯಿತೆಂದು ಎಲ್ಲರೂ ತಿಳಿಯಲಿ ಎಂದು, ಆ ಡಬ್ಬಿಯನ್ನು ನನ್ನ ಅಲ್ಮಾರಿಯಲ್ಲಿಟ್ಟು ಬೀಗ ಜಡಿದೆ.

ಪ್ರಾಂಶುಪಾಲರು ಇಬ್ಬರನ್ನೂ ಕರೆಸಿ, ಹೊರಗಿಂದ ಯಾವ ಡಬ್ಬಿ ಬಂದಿತ್ತು ಎಂದು ಕೇಳಿದರು. ಅಕ್ಕ ನನ್ನ ಪಕ್ಕದಲ್ಲೇ ನಿಂತಿದ್ದಳು. ನಾನು ಹೇಳಿದೆ:

"ಶರಣಮ್ಮ ಮೇಡಂ ಕುರುಗೋಡಿಂದ ಒಂದು ಡಬ್ಬಿ ತಂದಿದ್ರು ಸರ್."

ಈ ಮಾತಿನಲ್ಲಿ ಒಂದಕ್ಷರ ಸುಳ್ಳಿಲ್ಲ. ಅದೇ ಅದರ ವಿಷ. ಅವಳು ನನ್ನನ್ನು ನೋಡಲಿಲ್ಲ, ನೆಲ ನೋಡಿದಳು. "ಹೌದ್ರಿ ಸರ್. ಆಗ ಕರೆಂಟು ಹೋಗಿ ಬಂದು ಮಾಡ್ತಿತ್ತು, ಫ್ರೀಜರ್ ತಂಪ ಹಿಡಿದಿಲ್ಲ ಕಾಣ್ತೈತಿ. ನಂದ ತಪ್ಪಾತ್ರಿ" ಎಂದಳು. ಕುಂಬಳಕಾಯಿ ಕಳ್ಳ ಎಂದರೆ ಕಳ್ಳ ಹೆಗಲು ಮುಟ್ಟಿಕೊಳ್ಳುತ್ತಾನಂತೆ. ಇಲ್ಲಿ ಕದ್ದವಳು ಕಲ್ಲಿನ ಹಾಗೆ ನಿಂತಿದ್ದಳು, ಕದಿಯದವಳು ಹೆಗಲು ಮುಟ್ಟಿಕೊಂಡಳು. ನನ್ನ ಡಬ್ಬಿಯ ನೆನಪೂ ಅವಳಿಗೆ ಬರಲಿಲ್ಲ. ನಾನು ಅದನ್ನು ಫ್ರೀಜರ್‌ಗೆ ಇಟ್ಟೇ ಇಟ್ಟಿರುತ್ತೇನೆ ಎಂಬ ನಂಬಿಕೆ ಅವಳದು!

ಮುಂದಿನ ವರ್ಷ ಅವಳಿಗೆ ಆದೇಶ ಬರಲಿಲ್ಲ. ಕುರುಗೋಡಿನಲ್ಲಿ ಮನೆಪಾಠ ಶುರುಮಾಡಿದಳೆಂದು ಕೇಳಿದೆ. ನಾನು ನ್ಯಾಫ್ತಲೀನ್ ವಾಸನೆಯ ಆ ಕೋಣೆಯಲ್ಲಿ ಒಬ್ಬಳೇ ಉಳಿದೆ. ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಎದುರಿಗೆ ಖಾಲಿ ಕುರ್ಚಿ, ಅವಳ ಶೇಂಗಾ ಚಟ್ನಿ ಇಲ್ಲ, ಬೈಗುಳವಿಲ್ಲ. ಹೊಸಬರು ಬಂದರು, ಒಳ್ಳೆಯವರೇ. ಯಾರನ್ನೂ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಹತ್ತಿರ ಬಂದವರಿಗೆ ಎಲ್ಲಿ ಬಾಯಿಬಿಡುತ್ತೇನೋ ಎಂಬ ಭಯ.

ನಾಚಿಕೆಗೇಡು ಇನ್ನೂ ಇದೆ. ಈಗ ಅದೇ ತರಬೇತಿ ಕೊಡುವವಳು ನಾನು. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ! ಫ್ರೀಜರ್ ಪಾಠ ಬಂದಾಗಲೆಲ್ಲ, "ನಮ್ಮಲ್ಲಿ ಒಬ್ಬ ಅತಿಥಿ ಉಪನ್ಯಾಸಕಿ ಇದ್ದರು..." ಎಂದು ಅವಳ ಕಥೆಯನ್ನೇ ಹೇಳುತ್ತಿದ್ದೆ. ಎಲ್ಲರೂ ಅಯ್ಯೋ ಎನ್ನುತ್ತಿದ್ದರು.

ಈಚೆಗೆ ಸಿರುಗುಪ್ಪದ ಒಂದು ಮದುವೆಯಲ್ಲಿ ಅಕ್ಕ ಎದುರಾದಳು. ಕೂದಲು ಬೆಳ್ಳಗಾಗಿತ್ತು. ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. ಅವಳ ಸೊಸೆ ನಗುತ್ತಾ ದೂರು ಹೇಳಿದಳು: "ಅತ್ತಿ ರವಾ, ಬ್ಯಾಳಿ, ಏನ ತಂದ್ರೂ ಮೊದಲ ಫ್ರೀಜರ್‌ನಾಗ ಇಡ್ತಾರ್ರಿ ಮೇಡಂ. ಐಸ್ ಇಡಾಕ ಜಾಗ ಇರಂಗಿಲ್ಲ." ಅಕ್ಕ ನಗಲಿಲ್ಲ. "ಒಮ್ಮೆ ನನ್ನ ಕೈಯಾರ ಎಲ್ಲಾ ಹುಳಕ್ಕ ಹಾಕೇನಿ. ಇನ್ನ ಒಂದು ಕಾಳೂ ಬ್ಯಾಡವ್ವ" ಎಂದಳು.

ಮೊನ್ನೆಯ ತರಬೇತಿಯಲ್ಲಿ ಕಥೆಯನ್ನು ನನ್ನ ಹೆಸರಿನಲ್ಲೇ ಹೇಳಿದೆ. ಈಗಿನ ಪ್ರಾಂಶುಪಾಲರಿಗೂ ಹೇಳಿದೆ; ಹಳೆಯದು ಬಿಡಿ ಮೇಡಂ ಎಂದರು. ಬಿಡಲು ಅದು ಅವರದಲ್ಲ, ನನ್ನದೂ ಅಲ್ಲ. ಮಿಡತೆ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕುರುಗೋಡಿನ ಬಸ್ಸು ಹತ್ತಿದೆ.

ಅಕ್ಕ ಮುಚ್ಚಳ ತೆಗೆದು, "ಅಯ್ಯ, ಎಲ್ಲಾ ನೆಟ್ಟಗ ಅದಾವಲ್ಲ!" ಎಂದು ಕೂಸಿನ ಹಾಗೆ ಹಿಗ್ಗಿದಳು. ಬೆರಳು ಒಂದು ಮಿಡತೆಯ ಮೇಲೆ ನಿಂತುಬಿಟ್ಟಿತು. ನಿಧಾನಕ್ಕೆ ಮುಖ ಎತ್ತಿದಳು.

"ಹುಳ ಬಂದದ್ದು ನನ್ನ ಡಬ್ಬಿಯಿಂದ ಅಕ್ಕಾ," ಎಂದೆ. "ನಾನು ಫ್ರೀಜರ್‌ಗೆ ಇಟ್ಟಿರಲಿಲ್ಲ."

"ಅವತ್ತ ಗೊತ್ತಿತ್ತೇನ ನಿನಗ?"

"ಗೊತ್ತಿತ್ತು."

ಬೈಯಲಿ, ಹೊಡೆಯಲಿ ಎಂದು ಕಾದೆ. ಅವಳು ಒಳಗಿನಿಂದ ಪ್ಲಾಸ್ಟಿಕ್ ಚೀಲ ತಂದಳು. ಡಬ್ಬಿಯನ್ನು ಅದರೊಳಗಿಟ್ಟು, ಗಾಳಿ ಹೊರಡಿಸಿ, ಬಾಯಿಗೆ ಟೇಪು ಸುತ್ತಿದಳು — ನಾವಿಬ್ಬರೂ ಕಲಿತಿದ್ದ ಹಾಗೆಯೇ. ಫ್ರೀಜರ್‌ನಲ್ಲಿಟ್ಟು ಬಾಗಿಲು ಹಾಕಿದಳು.

"ನಿನ್ನ ಕಡಿಂದ ಬಂದೈತಿ," ಎಂದಳು.

ಕುಡಿಯಲು ನೀರು ಕೊಡಲಿಲ್ಲ. ನಾನು ಕೇಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದೆ.